ಗೊತ್ತಿರುವುದನ್ನೇ ಮಾತಾಡುವ ಮೀಟಿಂಗುಗಳು

ನಾಲ್ಕು ಜನ ಕೂತರೆ ನಾಲ್ವರಿಗೆ ಗೊತ್ತಿರುವುದೆಲ್ಲ ಹೊರಬರುತ್ತದೆ ಅಂತ ನಂಬಿಯೇ ಆಫೀಸಿನಲ್ಲಿ ಮೀಟಿಂಗ್ ಕರೆಯುವುದು, ಅಲ್ವಾ? ಆಗುವುದು ಬೇರೆಯೇ.

1985ರಲ್ಲಿ ಗ್ಯಾರಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳನ್ನು ನಾಲ್ವರ ಗುಂಪು ಮಾಡಿ, ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿಗೆ ಮೂವರು ಕಾಲ್ಪನಿಕ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಿ ಎಂದರು. ಆ ಮೂವರಲ್ಲಿ ಒಬ್ಬ ಉಳಿದಿಬ್ಬರಿಗಿಂತ ಮೇಲು. ಎಲ್ಲರಿಗೂ ಎಲ್ಲ ವಿವರ ಕೊಟ್ಟಾಗ ಹೆಚ್ಚಿನ ಗುಂಪುಗಳು ಅವನನ್ನೇ ಆರಿಸಿದವು. ಬೇರೆ ಗುಂಪುಗಳಲ್ಲಿ ಅವನ ಒಳ್ಳೆಯ ಗುಣಗಳನ್ನು ಬಿಡಿಬಿಡಿಯಾಗಿ ಒಬ್ಬೊಬ್ಬರಿಗೆ ಹಂಚಿದರು. ಕೂಡಿಸಿ ನೋಡಿದ್ದರೆ ಸಾಕಿತ್ತು, ಚಿತ್ರ ಪೂರ್ತಿಯಾಗುತ್ತಿತ್ತು. ಕೂಡಿಸಲಿಲ್ಲ, ಹೆಚ್ಚಿನವರು ಬೇರೆಯವನಿಗೆ ಮತ ಹಾಕಿದರು.

ಇದರಲ್ಲಿ ಅರ್ಧ ಬರೀ ಲೆಕ್ಕ. ನಾಲ್ವರಿಗೂ ಗೊತ್ತಿರುವ ವಿಷಯವನ್ನು ನಾಲ್ವರಲ್ಲಿ ಯಾರು ಬೇಕಾದರೂ ಎತ್ತಬಹುದು, ಒಬ್ಬರಿಗೇ ಗೊತ್ತಿರುವುದು ಆ ಒಬ್ಬರು ಬಾಯಿ ಬಿಟ್ಟರಷ್ಟೇ ಉಂಟು. ಇನ್ನರ್ಧ ತಲೆಯಾಡಿಸುವುದರ ಮಹಿಮೆ. ನಾನು ಹೇಳಿದ್ದು ನಿಮಗೂ ಗೊತ್ತಿದ್ದರೆ 'ಹೌದೌದು' ಅನ್ನುತ್ತೀರಿ, ನನಗೆ ಧೈರ್ಯ ಬರುತ್ತದೆ, ನಿಮ್ಮ ಕಣ್ಣಿಗೆ ನಾನು ಜಾಣ. ಯಾರಿಗೂ ಗೊತ್ತಿಲ್ಲದ್ದನ್ನು ಹೇಳಿ ನೋಡಿ. ಒಂದು ಕ್ಷಣ ಮೌನ, ಆಮೇಲೆ ಮುಂದಿನ ವಿಷಯ.

ಅದೂ ಬಾಯಿ ಹಾಕಲು ಜಾಗ ಸಿಕ್ಕರೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ 2009ರ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಸಂದು ಸರಾಸರಿ ಸುಮಾರು 200 ಮಿಲಿಸೆಕೆಂಡ್. ಆದರೆ ಒಂದೇ ಒಂದು ಪದ ತಲೆಯಲ್ಲಿ ಹುಟ್ಟಿ ನಾಲಿಗೆಗೆ ಬರಲು ಸುಮಾರು 600 ಮಿಲಿಸೆಕೆಂಡ್ ಬೇಕು. ಅಂದರೆ ಎದುರಿನವರು ಮುಗಿಸುವ ಮೊದಲೇ ನಮ್ಮ ಮಾತು ತಯಾರಿರುತ್ತದೆ. ಎಲ್ಲರ ಬಾಯಲ್ಲೂ ಇರುವ ಮಾತು ಹೇಗೂ ತಯಾರು, ಅದು ನುಗ್ಗಿಬಿಡುತ್ತದೆ; 'ಹೋದ ಸಲ ಇದೇ ಸಾಫ್ಟ್‌ವೇರ್ ಹಾಕಿದಾಗ ಹಳೆಯ ಬಿಲ್ಲುಗಳೆಲ್ಲ...' ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದವರ ಸರದಿ ಹೋಯಿತು. ವಿಡಿಯೋ ಕಾಲ್‌ನಲ್ಲಂತೂ ದನಿಯೇ ತಡವಾಗಿ ತಲುಪುತ್ತದೆ, ಕೇಳಬೇಕೇ!

ಹಾಗಾಗಿ ಕೊನೆಯಲ್ಲಿ 'ಯಾರಿಗಾದರೂ ಏನಾದರೂ ಹೇಳುವುದಿದೆಯಾ?' ಅಂತ ಕೇಳುವುದು ನನ್ನ ಪ್ರಕಾರ ಸುಮ್ನೆ ಶಾಸ್ತ್ರಕ್ಕೆ. ಯಾರಿಗೆ ಯಾವ ವಿಷಯ ಜಾಸ್ತಿ ಗೊತ್ತು ಅಂತ ಎಲ್ಲರೆದುರು ಮೊದಲೇ ಹೇಳಿದರೆ, ಒಬ್ಬರಲ್ಲೇ ಉಳಿಯುವ ಮಾಹಿತಿ ಹೆಚ್ಚು ಹೊರಬರುತ್ತದೆ ಎಂದು ಸ್ಟ್ಯಾಸರ್ ಮತ್ತು ಸಂಗಡಿಗರೇ ಮುಂದೆ ಕಂಡುಕೊಂಡರು. 'ಗ್ರಾಹಕರ ದೂರು ಕೇಳುವವರು ಇವರು, ಹಳೆಯ ಬಿಲ್ಲು ನೋಡಿಕೊಂಡವರು ಅವರು', ಇಷ್ಟು ಹೇಳಲು ಅರ್ಧ ನಿಮಿಷವೂ ಬೇಡ. ಆದರೆ ಬಾಸ್ ಅದಕ್ಕೂ ಮೊದಲೇ ತನ್ನ ಆಯ್ಕೆ ಯಾವುದೆಂದು ಹೇಳಿಬಿಟ್ಟಿದ್ದರೆ, ಬಿಲ್ಲಿನವರು ಬಾಯಿ ಬಿಡುವುದು ಅನುಮಾನ.