‘ಇಂಪೋರ್ಟ್ ಇದೆಯಲ್ಲ ಸರ್!’

ಲಾಗ್ ಬರೆಯುವಂಥ ಕೆಲಸವನ್ನು ಜಾವಾ ಪ್ರೋಗ್ರಾಮಿನ ಹಲವು ಜಾಗಗಳಿಗೆ ಹೊರಗಿನಿಂದ ಸೇರಿಸುವ ಸಾಧನ ಆಸ್ಪೆಕ್ಟ್‌ಜೆ. ಅದರದೇ ವಿಶೇಷ ಭಾಷೆಯಲ್ಲಿ, ಅಂದರೆ ಕೋಡ್ ಸ್ಟೈಲಿನಲ್ಲಿ, ಬರೆದ ಹಳೇ ಕೋಡನ್ನು ಮಾಮೂಲಿ ಜಾವಾದಲ್ಲೇ @ ಗುರುತು ಹಾಕಿ ಬರೆಯುವ ಅನೋಟೇಶನ್ ಸ್ಟೈಲಿಗೆ ಬದಲಾಯಿಸುವ ಕೆಲಸ ನನ್ನ ಹತ್ತಿರ ಆಗಾಗ ಬರುತ್ತದೆ. ಆಸ್ಪೆಕ್ಟ್‌ವರ್ಕ್ಸ್ ಅನ್ನುವ ಇನ್ನೊಂದು ಪ್ರಾಜೆಕ್ಟಿನ ಜೊತೆ ಸೇರಿ 2005ರಲ್ಲಿ ಆಸ್ಪೆಕ್ಟ್‌ಜೆ 5 ಬಂದಾಗಿನಿಂದ ಈ ಸ್ಟೈಲ್ ಇದೆ. ಇಷ್ಟು ವರ್ಷವಾದರೂ ಜನ ಎಡವುವುದು ಒಂದೇ ಕಲ್ಲಿಗೆ. ಪಾಯಿಂಟ್‌ಕಟ್ (ಯಾವ ಮೆಥಡ್ ಓಡುವಾಗ ನಮ್ಮ ಕೋಡ್ ಸೇರಬೇಕು ಅನ್ನುವ ನಿಯಮ) ಒಳಗೆ ಬರೆಯುವ ಟೈಪಿನ, ಅಂದರೆ ಕ್ಲಾಸ್ ಮುಂತಾದವುಗಳ, ಹೆಸರು!

ಒಂದು ಟೀಮಿನಲ್ಲಿ ಬದಲಾಯಿಸಿದ ಮೇಲೆ ಆಡಿಟ್ ಲಾಗ್ ನಿಂತುಹೋಗಿತ್ತು. ಕಂಪೈಲ್ ಆಗಿದೆ, ಟೆಸ್ಟ್ ಪಾಸ್ ಆಗಿದೆ, ಸರ್ವರ್ ಓಡುತ್ತಿದೆ, ಆದರೆ ಯಾರು ಯಾವ ಖಾತೆ ಮುಟ್ಟಿದರು ಅನ್ನುವ ದಾಖಲೆ ಒಂದು ಸಾಲೂ ಇಲ್ಲ. ಫೈಲ್ ತೆರೆದರೆ ‘ಎಕ್ಸಿಕ್ಯೂಶನ್(* ಅಕೌಂಟ್.ಸೇವ್(..))’ ಅಂತ ಹಾಗೇ ಎತ್ತಿ ಕೋಟ್ ಒಳಗೆ ಇಟ್ಟಿದ್ದರು. ‘ಅಕೌಂಟ್ ಬೇರೆ ಪ್ಯಾಕೇಜಿನಲ್ಲಿದೆಯಲ್ಲಪ್ಪ’ ಅಂದೆ. ‘ಮೇಲೆ ಇಂಪೋರ್ಟ್ ಇದೆಯಲ್ಲ ಸರ್!’ ಅಂದ ಹುಡುಗ. ಒಳ್ಳೆಯ ಹುಡುಗ, ಎರಡು ರಾತ್ರಿ ನಿದ್ದೆಗೆಟ್ಟಿದ್ದ.

ಇಲ್ಲಿ ಸ್ವಲ್ಪ ನಿಲ್ಲಿ. ಕೋಡ್ ಸ್ಟೈಲಿನಲ್ಲಿ ಪಾಯಿಂಟ್‌ಕಟ್ ಭಾಷೆಯದೇ ಭಾಗ. ಆಸ್ಪೆಕ್ಟ್‌ಜೆಯದೇ ಕಂಪೈಲರ್ ಎಜೆಸಿ, ಫೈಲಿನ ಇಂಪೋರ್ಟ್ (ಬೇರೆ ಪ್ಯಾಕೇಜಿನ ಟೈಪನ್ನು ಚಿಕ್ಕ ಹೆಸರಲ್ಲಿ ಕರೆಯಲು ಬಿಡುವ ಸಾಲು) ನೋಡಿಕೊಂಡೇ ಅದನ್ನು ಓದುತ್ತದೆ. ಅನೋಟೇಶನ್ ಸ್ಟೈಲಿನಲ್ಲಿ ಅದು ಕೋಟ್ ಒಳಗಿನ ಬರೀ ಸ್ಟ್ರಿಂಗ್. ಜಾವಾದ ಮಾಮೂಲಿ ಕಂಪೈಲರ್ ಜಾವಾಸಿ ಅದರ ಒಳಗೆ ಇಣುಕಿಯೂ ನೋಡುವುದಿಲ್ಲ. ಆಮೇಲೆ ವೀವರ್ (ನಮ್ಮ ಕೋಡನ್ನು ಕ್ಲಾಸುಗಳೊಳಗೆ ಹೆಣೆಯುವ ಭಾಗ) ಅದನ್ನು ಬಿಚ್ಚಿ ಓದುವ ಹೊತ್ತಿಗೆ ಇಂಪೋರ್ಟ್ ಎಲ್ಲಿದೆ? ಕ್ಲಾಸ್ ಫೈಲಿನಲ್ಲಿ ಇಂಪೋರ್ಟ್ ಸಾಲುಗಳು ಉಳಿಯುವುದೇ ಇಲ್ಲ. ಹಾಗಾಗಿ ಅದೇ ಪ್ಯಾಕೇಜಿನ ಟೈಪ್, ಜಾವಾ.ಲ್ಯಾಂಗ್‌ನ ಟೈಪ್ ಬಿಟ್ಟರೆ ಉಳಿದದ್ದಕ್ಕೆಲ್ಲ ಪ್ಯಾಕೇಜ್ ಸಮೇತ ಪೂರ್ತಿ ಹೆಸರು ಬರೆಯಬೇಕು. ಜಾವಾ.ಲ್ಯಾಂಗ್‌ನ ಸ್ಟ್ರಿಂಗ್ ಟೈಪನ್ನು ಬರೀ ಸ್ಟ್ರಿಂಗ್ ಅಂತ ಬರೆದರೆ ನಡೆಯುತ್ತದೆ, ಲಿಸ್ಟ್ ಅಂತ ಬರೆದರೆ ನಡೆಯಲ್ಲ, ಜಾವಾ.ಯುಟಿಲ್.ಲಿಸ್ಟ್ ಅನ್ನಬೇಕು. ಇಂಪೋರ್ಟ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನನಗೆ ಸಂಕಟ ಆಗುವುದು ಇದು ಸದ್ದಿಲ್ಲದೆ ಕೆಡುತ್ತದೆ ಅಂತ. ಆಸ್ಪೆಕ್ಟ್‌ಜೆ ವೀವರ್ ಆ ಹೆಸರಿನ ಟೈಪ್ ಸಿಗಲಿಲ್ಲ ಅಂತ ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ, ಬಿಲ್ಡಿನ ಸಾಲುಗಳ ರಾಶಿಯಲ್ಲಿ ಅದನ್ನು ಯಾರು ಓದುತ್ತಾರೆ? ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕಿನಲ್ಲಿ, ನಾನು ನೋಡಿದ ಮಟ್ಟಿಗೆ, ಆ್ಯಪ್ ಶುರುವಾಗುವಾಗಲೇ ಎರರ್ ಬೀಳುತ್ತದೆ, ಅದು ಎಷ್ಟೋ ವಾಸಿ. ಎಜೆಸಿ ಬಳಸುವವರು ಬದಲಾವಣೆ ಮುಗಿಯುವವರೆಗಾದರೂ ಎಕ್ಸ್‌ಲಿಂಟ್ ಅನ್ನು (ಇಂಥ ವಾರ್ನಿಂಗ್‌ಗಳ ಸೆಟ್ಟಿಂಗ್) ಎರರ್ ಮಟ್ಟಕ್ಕೆ ಏರಿಸಿ. ಹಳೇ ಪ್ರಾಜೆಕ್ಟಿನಲ್ಲಿ ಬೇರೆ ನಾಲ್ಕು ತಪ್ಪೂ ಆಗ ಕಾಣಬಹುದು, ಗಾಬರಿ ಬೇಡ. ಪ್ರತಿ ಅಡ್ವೈಸ್ (ಹೀಗೆ ಸೇರಿಸಿದ ಕೋಡ್) ನಿಜವಾಗಿ ಓಡಿತಾ ಅಂತ ನೋಡುವ ಒಂದೊಂದು ಟೆಸ್ಟ್ ಮೊದಲೇ ಬರೆದಿಡಿ.

ಪ್ರಿವಿಲೆಜ್ಡ್ ಆಸ್ಪೆಕ್ಟ್ (ಬೇರೆ ಕ್ಲಾಸಿನ ಪ್ರೈವೇಟ್ ಭಾಗವನ್ನೂ ಮುಟ್ಟಬಲ್ಲದ್ದು) ಇದ್ದರೆ ಅದನ್ನು ಹಾಗೇ ಬಿಡಿ, ಅನೋಟೇಶನ್ ಸ್ಟೈಲಿನಲ್ಲಿ ಅದಕ್ಕೆ ಜಾಗವಿಲ್ಲ. ಎಜೆಸಿ ಇದ್ದರೆ ಎರಡೂ ಸ್ಟೈಲ್ ಒಂದೇ ಪ್ರಾಜೆಕ್ಟಿನಲ್ಲಿ ಇರಬಹುದು.

ಆ ಹುಡುಗ ಪ್ಯಾಕೇಜ್ ಹೆಸರು ಸೇರಿಸಿ ಮತ್ತೆ ಬಿಲ್ಡ್ ಮಾಡಿ ಒಂದು ಖಾತೆ ಸೇವ್ ಮಾಡಿದ. ಲಾಗಿನಲ್ಲಿ ಮೊದಲ ಸಾಲು ಬಂತು. ನಾವಿಬ್ಬರೂ ಹಾಗೇ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.