ಒಂದೇ ನ್ಯೂಟ್ರಾನ್ ನಕ್ಷತ್ರದಲ್ಲಿ ಹಲವು ಬಗೆಯ ಎಕ್ಸ್-ರೇ ಏರಿಳಿತ

ನ್ಯೂಟ್ರಾನ್ ನಕ್ಷತ್ರ ಅಂದರೆ ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ತೀರಾ ದಟ್ಟವಾದ ತಿರುಳು. ಜೊತೆಗೆ ಸುತ್ತುವ ಸಂಗಾತಿ ನಕ್ಷತ್ರದಿಂದ ಅನಿಲ ಸೆಳೆಯುವ ಇಂಥವುಗಳ ಎಕ್ಸ್-ರೇ ಏರಿಳಿತಕ್ಕೆ ಹಲವು ಬಗೆಗಳಿವೆ. ಪಟ್ಟಿಯನ್ನು ಉರು ಹೊಡೆಯುವ ಬದಲು ಒಂದೇ ಜೋಡಿಯನ್ನು ಹಿಡಿದು ಓದಿ, ಜಾಸ್ತಿ ಅರ್ಥವಾಗುತ್ತದೆ. ನನ್ನ ಆಯ್ಕೆ ಸ್ಯಾಕ್ಸ್ ಜೆ1808.4-3658. ಇದು ಧನು ರಾಶಿಯ ದಿಕ್ಕಿನಲ್ಲಿದೆ. 1996ರಲ್ಲಿ ಬೆಪ್ಪೋಸ್ಯಾಕ್ಸ್ ಎಂಬ ಎಕ್ಸ್-ರೇ ಉಪಗ್ರಹ ಇದನ್ನು ಕಂಡುಹಿಡಿಯಿತು.

ಸಂಗಾತಿ ತೀರಾ ಚಿಕ್ಕದು, ತೂಕದಲ್ಲಿ ಸೂರ್ಯನ ಸುಮಾರು ಇಪ್ಪತ್ತನೇ ಒಂದು ಪಾಲು. ಅದರ ಅನಿಲ ನೇರವಾಗಿ ಬೀಳದೆ, ಸುತ್ತುತ್ತಾ ತಟ್ಟೆಯಂತೆ ಹರಡುತ್ತದೆ. ವರ್ಷಗಟ್ಟಲೆ ಅಲ್ಲೇ ಸುಮ್ನೆ ಕೂಡಿಕೊಳ್ಳುತ್ತದೆ. ತಟ್ಟೆ ಬಿಸಿಯಾದಾಗ ಒಳಹರಿವು ಒಮ್ಮೆಲೇ ಹೆಚ್ಚಿ, ಕೆಲವು ವಾರ ಪ್ರಖರವಾಗಿ ಹೊಳೆಯುತ್ತದೆ. ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಹೀಗಾಗುತ್ತದೆ.

ವೇಗದ ಏರಿಳಿತ 1998ರಲ್ಲಿ ಸಿಕ್ಕಿತು: ಸೆಕೆಂಡಿಗೆ 401 ಮಿಡಿತ. ಕಾಂತಕ್ಷೇತ್ರ ಅನಿಲವನ್ನು ಧ್ರುವಗಳ ಕಡೆಗೆ ಒಯ್ಯುತ್ತದೆ. ಅಲ್ಲಿನ ಬಿಸಿ ಕಲೆ ನಕ್ಷತ್ರ ತಿರುಗಿದಂತೆ ನಮ್ಮತ್ತ ಬಂದು ಹೋಗುತ್ತದೆ. ಅಂದರೆ ಸೆಕೆಂಡಿಗೆ 401 ಸುತ್ತು! ಈ ಸಂಖ್ಯೆ ಎರಡು ಗಂಟೆಗೊಮ್ಮೆ ಚೂರು ಏರಿ ಇಳಿಯುತ್ತದೆ, ಏಕೆಂದರೆ ನಕ್ಷತ್ರ ಕಕ್ಷೆಯಲ್ಲಿ ಸುತ್ತುತ್ತಾ ನಮ್ಮತ್ತ ಬಂದು ದೂರ ಹೋಗುತ್ತದೆ. ಹತ್ತಿರ ಬರುವ ರೈಲಿನ ಹಾರ್ನ್ ಕೀರಲಾಗಿ, ದೂರ ಹೋಗುವಾಗ ದಪ್ಪಗೆ ಕೇಳುತ್ತದಲ್ವಾ, ಅದೇ ಕಾರಣ. ಕಕ್ಷೆಯ ಅವಧಿ ಗೊತ್ತಾಗಿದ್ದು ಹೀಗೆ.

ನನಗೆ ತುಂಬ ಇಷ್ಟವಾದ ಭಾಗ ಸ್ಫೋಟಗಳದ್ದು. ಬಿದ್ದ ಅನಿಲ ಮೇಲ್ಮೈಯಲ್ಲಿ ಪದರವಾಗಿ ಕೂಡುತ್ತದೆ. ಒತ್ತಡ ಮಿತಿ ಮೀರಿದಾಗ ಹೀಲಿಯಂ ಹೊತ್ತಿಕೊಳ್ಳುತ್ತದೆ (ಬೆಂಕಿಯಲ್ಲ, ಪರಮಾಣು ಬೀಜಗಳ ಬೆಸುಗೆ). ಬೆಳಕು ಥಟ್ಟನೆ ಏರಿ, ಹತ್ತಾರು ಸೆಕೆಂಡುಗಳಲ್ಲಿ ಇಳಿಯುತ್ತದೆ. ಇಲ್ಲಿ ಒಂದು ಪ್ರಶ್ನೆ ಏಳಬೇಕು. ಪ್ರತಿ ಗ್ರಾಂ ಅನಿಲ ಬೀಳುವಾಗಲೇ ಬರುವ ಶಕ್ತಿ, ಅದು ಉರಿದಾಗ ಬರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹಾಗಾದರೆ ಸ್ಫೋಟ ಎದ್ದು ಕಾಣುವುದೇಕೆ? ಬೀಳುವ ಶಕ್ತಿ ಆಗಿಂದಾಗಲೇ ಖರ್ಚಾಗುತ್ತಿರುತ್ತದೆ. ಉರಿಯುವ ಶಕ್ತಿ ಗಂಟೆಗಟ್ಟಲೆ ಕೂಡಿಟ್ಟದ್ದು, ಸೆಕೆಂಡುಗಳಲ್ಲಿ ಮುಗಿಯುತ್ತದೆ.

2002ರ ಸ್ಫೋಟಗಳಲ್ಲೂ ಅದೇ 401ರ ಮಿನುಗು ಕಂಡಿತು. ಇದು ದೊಡ್ಡ ಸುಳಿವು. 4ಯು 1728-34 ಎಂಬ ಇನ್ನೊಂದು ನ್ಯೂಟ್ರಾನ್ ನಕ್ಷತ್ರ ಸ್ಫೋಟದಲ್ಲಿ ಸೆಕೆಂಡಿಗೆ 363 ಸಲ ಮಿನುಗುತ್ತದೆ, ಆದರೆ ಉಳಿದ ಹೊತ್ತಿನಲ್ಲಿ ಮಿಡಿತ ಕಾಣಿಸುವುದಿಲ್ಲ. ಆ ಮಿನುಗೂ ತಿರುಗುವ ವೇಗವೇ ಎಂದು ಇಲ್ಲಿಂದ ಧೈರ್ಯವಾಗಿ ಹೇಳಬಹುದಾಯಿತು.

2019ರಲ್ಲಿ ಇದು ಬೆಳಗಿದಾಗ ನಮ್ಮ ಭಾರತದ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್ ಕೂಡ ನೋಡಿತ್ತು. ಅದರ ಡೇಟಾ ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿದೆ. ಅಭ್ಯಾಸ ಮಾಡುವವರು ಮೊದಲು ಭೂಮಿಯ ಚಲನೆಯನ್ನೂ ಜೋಡಿಯ ಕಕ್ಷೆಯ ಚಲನೆಯನ್ನೂ ಲೆಕ್ಕದಿಂದ ತೆಗೆಯಿರಿ. ಇಲ್ಲದಿದ್ದರೆ ಮಿಡಿತದ ವೇಗ ತೋರಿಸುವ ಗ್ರಾಫಿನಲ್ಲಿ 401ರ ಚೂಪು ಶಿಖರ ಅಕ್ಕಪಕ್ಕಕ್ಕೆ ಹರಡಿ ಮಸುಕಾಗುತ್ತದೆ.