ಯಾರೇ ಗೆದ್ದರೂ ಚಿಪ್ ಮಾರುವವನಿಗೆ ಲಾಭವೇ ಅಲ್ವಾ?

"ಸರ್, ಎಐನಲ್ಲಿ ಕೊನೆಗೆ ಯಾರು ಗೆಲ್ತಾರೋ ಗೊತ್ತಿಲ್ಲ. ಆದರೆ ಯಾರೇ ಗೆದ್ದರೂ ಚಿಪ್ ಬೇಕು, ಡೇಟಾ ಸೆಂಟರ್ ಬೇಕು, ಕರೆಂಟ್ ಬೇಕು. ಹಾಗಾಗಿ ಇವನ್ನು ಒದಗಿಸುವ ಕಂಪನಿಗಳ ಶೇರು ತಗೊಂಡರೆ ಸೇಫ್ ಅಲ್ವಾ?"

ಕೇಳುವವರ ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೂ ಬೇರೆಬೇರೆ ಬರೆದು ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ತಗೊಳ್ಳಬಹುದು. ಆದರೆ ಸೇಫ್ ಅಲ್ಲ.

ಬೇಡಿಕೆ ಇದೆ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಎಐ ಚಿಪ್ ಮಾರುವ ಎನ್ವಿಡಿಯಾದ ವರ್ಷದ ಮಾರಾಟ 2023ರ ಜನವರಿಗೆ ಸುಮಾರು 27 ಬಿಲಿಯನ್ ಡಾಲರ್ ಇತ್ತು, ಎರಡೇ ವರ್ಷದಲ್ಲಿ 130 ಬಿಲಿಯನ್ ಆಯಿತು. ತಕರಾರು ಇರುವುದು "ಬೇಡಿಕೆ ಗ್ಯಾರಂಟಿ, ಆದ್ದರಿಂದ ಶೇರೂ ಗ್ಯಾರಂಟಿ" ಅನ್ನುವ ಲೆಕ್ಕದ ಬಗ್ಗೆ. ಇದನ್ನು ಹೇಳುವವರೆಲ್ಲ ಕ್ಯಾಲಿಫೋರ್ನಿಯಾದ ಚಿನ್ನದ ಕಥೆ ಎಳೆದು ತರುತ್ತಾರೆ: ಚಿನ್ನ ಅಗೆದವರು ಮುಳುಗಿದರು, ಗುದ್ದಲಿ ಮಾರಿದವರು ಉದ್ಧಾರವಾದರು, ನೋಡಿ ಲೀವೈಸ್ ಜೀನ್ಸ್! ಸ್ವಾಮಿ, ಆ ಜೀನ್ಸ್‌ಗೆ ಪೇಟೆಂಟ್ ಸಿಕ್ಕಿದ್ದು 1873ರಲ್ಲಿ. ಚಿನ್ನದ ನೂಕುನುಗ್ಗಲು 1850ರ ದಶಕದಲ್ಲೇ ತಣ್ಣಗಾಗಿತ್ತು. ನಿಜವಾಗಿ ಗುದ್ದಲಿ, ಬಾಣಲೆ ಮಾರಿ ದುಡ್ಡು ಮಾಡಿದ್ದು ಸ್ಯಾಮ್ಯುಯೆಲ್ ಬ್ರಾನನ್. ಆತ 1889ರಲ್ಲಿ ಬಡವನಾಗಿ ಸತ್ತ. (ಅದಕ್ಕೆ ಗುದ್ದಲಿ ಕಾರಣವಲ್ಲ, ವಿಚ್ಛೇದನದಲ್ಲಿ ಆಸ್ತಿ ಕರಗಿತು. ಆದರೂ ಈ ಕಥೆ ಹೇಳುವವರು ಅವನ ಹೆಸರನ್ನೇ ಎತ್ತುವುದಿಲ್ಲ.)

ಹೋಗಲಿ, ಚಿನ್ನ ಬಿಡಿ. ನಮ್ಮ ಕಾಲದಲ್ಲೇ ನಡೆದದ್ದನ್ನು ನೋಡೋಣ.

2000ನೇ ಇಸವಿಯಲ್ಲೂ ಜನ ಹೀಗೇ ಹೇಳುತ್ತಿದ್ದರು: ಯಾವ ವೆಬ್‌ಸೈಟ್ ಉಳಿಯುತ್ತೋ ಗೊತ್ತಿಲ್ಲ, ಆದರೆ ಇಂಟರ್‌ನೆಟ್‌ಗೆ ರೌಟರ್ ಬೇಕೇ ಬೇಕಲ್ಲ? ರೌಟರ್ ಅಂದರೆ ಸಿಸ್ಕೋ. ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿ ಓಡಾಡುವವರು ಅದರ ಕ್ಯಾಂಪಸ್ ನೋಡಿಯೇ ಇರುತ್ತೀರಿ. ಆ ವರ್ಷದ ಮಾರ್ಚ್‌ನಲ್ಲಿ ಅದು ಸ್ವಲ್ಪ ದಿನ ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆಯ ಕಂಪನಿ. ಶೇರು 80 ಡಾಲರ್. 2002ರಲ್ಲಿ ಅದೇ ಶೇರು 10 ಡಾಲರ್‌ಗಿಂತ ಕೆಳಗಿತ್ತು. ಮತ್ತೆ ಆ 80 ಕಂಡದ್ದು 2025ರ ಡಿಸೆಂಬರ್‌ನಲ್ಲಿ.

ಇಪ್ಪತ್ತೈದು ವರ್ಷ! ಆಗ ಹುಟ್ಟಿದ ಮಗು ಓದು ಮುಗಿಸಿ ಕೆಲಸಕ್ಕೆ ಸೇರಿರುತ್ತದೆ.

ಇಲ್ಲೇ ಎಲ್ಲರೂ ಎಡವುವುದು, ಸ್ವಲ್ಪ ನಿಧಾನವಾಗಿ ಓದಿ. ಸಿಸ್ಕೋ ಮುಳುಗಲಿಲ್ಲ. ಇಂಟರ್‌ನೆಟ್ ಸುಳ್ಳಾಗಲಿಲ್ಲ, ಎಲ್ಲರೂ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಬೆಳೆಯಿತು. ಕಂಪನಿಯ ಮಾರಾಟ ಆಗಿನ 19 ಬಿಲಿಯನ್‌ನಿಂದ ಮೂರು ಪಟ್ಟಿನ ಹತ್ತಿರಕ್ಕೆ ಹೋಯಿತು. ಅಂದರೆ ಭವಿಷ್ಯ ಹೇಳಿದವರ ಮಾತು ನೂರಕ್ಕೆ ನೂರು ನಿಜವಾಯಿತು, ಆದರೂ ಶೇರು ಕೊಂಡವರು ಕಾದೂ ಕಾದೂ ಸುಸ್ತಾದರು. ಯಾಕೆಂದರೆ ವರ್ಷದ ಲಾಭದ ನೂರು ಪಟ್ಟಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದರು. ಇಂಟರ್‌ನೆಟ್ ಕೇಬಲ್‌ಗೆ ಬೇಕಾದ ಫೈಬರ್ ಮಾಡುವ ಕಾರ್ನಿಂಗ್ ಕಥೆ ಇನ್ನೂ ಕಷ್ಟದ್ದು: 2000ದಲ್ಲಿ 100 ಡಾಲರ್ ದಾಟಿದ್ದ ಶೇರು 2002ರಲ್ಲಿ 2 ಡಾಲರ್‌ಗಿಂತ ಕೆಳಗಿಳಿಯಿತು. ಸಮುದ್ರದಡಿ ಕೇಬಲ್ ಹಾಕಿದ ಗ್ಲೋಬಲ್ ಕ್ರಾಸಿಂಗ್ ಅದೇ ವರ್ಷ ದಿವಾಳಿ. ಅವರು ಹಾಕಿಟ್ಟ ಫೈಬರ್ ಎಲ್ಲೂ ಹೋಗಲಿಲ್ಲ, ಆಮೇಲೆ ಬಂದವರಿಗೆ ಅಗ್ಗವಾಗಿ ಸಿಕ್ಕಿತು.

"ಅದಕ್ಕೇ ನಾನು ಚಿಪ್, ಕರೆಂಟ್, ಡೇಟಾ ಸೆಂಟರ್ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಾಕಿದ್ದೀನಿ" ಅನ್ನುವವರೂ ಇದ್ದಾರೆ. 2025ರ ಜನವರಿ 27 ನೆನಪಿದೆಯಾ? ಕಡಿಮೆ ಖರ್ಚಿನಲ್ಲೂ ಒಳ್ಳೆಯ ಎಐ ಮಾಡಬಹುದು ಅಂತ ಚೀನಾದ ಡೀಪ್‌ಸೀಕ್ ತೋರಿಸಿದಾಗ ಎನ್ವಿಡಿಯಾ ಒಂದೇ ದಿನದಲ್ಲಿ ಶೇ. 17ರಷ್ಟು ಬಿತ್ತು. ಅದೇ ದಿನ ಕರೆಂಟ್ ಕಂಪನಿ ವಿಸ್ಟ್ರಾ ಬಿದ್ದದ್ದು ಶೇ. 28. ಕರೆಂಟ್ ಕಂಪನಿ! ನೀವು ಮೂರು ಕಡೆ ಹಂಚಿದ್ದೀನಿ ಅಂದುಕೊಂಡಿದ್ದೀರಿ, ಆದರೆ ಮೂರಕ್ಕೂ ದುಡ್ಡು ಬರುವುದು ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್, ಮೆಟಾದಂಥ ಬೆರಳೆಣಿಕೆಯ ಗಿರಾಕಿಗಳ ಜೇಬಿನಿಂದಲೇ. ಅವರು ಖರ್ಚಿಗೆ ಕೈ ಬಿಗಿ ಹಿಡಿದರೆ ಎಲ್ಲವೂ ಒಟ್ಟಿಗೇ ಬೀಳುತ್ತವೆ. ಸಾಲದ್ದಕ್ಕೆ ಗೂಗಲ್, ಅಮೆಜಾನ್ ತಮ್ಮದೇ ಚಿಪ್ ಕೂಡ ಮಾಡಿಸಿಕೊಳ್ಳುತ್ತಿವೆ.

ಇನ್ನೊಂದು. ಲೂಸೆಂಟ್ ಅನ್ನೋ ಟೆಲಿಕಾಂ ಉಪಕರಣದ ಕಂಪನಿ 2000ದ ಆಸುಪಾಸಿನಲ್ಲಿ ತನ್ನ ಮಾಲು ಕೊಳ್ಳಲು ಗಿರಾಕಿಗಳಿಗೆ ತಾನೇ ಸಾಲ ಕೊಡುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ, ತನ್ನ ಚಿಪ್ ಬಳಸುವ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನಲ್ಲಿ 100 ಬಿಲಿಯನ್ ಡಾಲರ್‌ವರೆಗೆ ಹೂಡುವುದಾಗಿ ಘೋಷಿಸಿತು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ, ಎನ್ವಿಡಿಯಾ ಹತ್ತಿರ ನಿಜವಾದ ಲಾಭ ಇದೆ. ಆದರೆ ಮಾರುವವನೇ ಕೊಳ್ಳುವವನಿಗೆ ದುಡ್ಡು ಕೊಡುತ್ತಿದ್ದರೆ ಆ ಬೇಡಿಕೆಯನ್ನು ಎರಡು ಸಲ ನೋಡಬೇಕು.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ತುಂಬಾ ಜನ ಈ ಶೇರುಗಳನ್ನು ಇಲ್ಲಿನ ಇಟಿಎಫ್ (ಶೇರಿನಂತೆ ಮಾರುಕಟ್ಟೆಯಲ್ಲೇ ಕೊಳ್ಳುವ ಫಂಡ್) ಮೂಲಕವೇ ಕೊಳ್ಳುತ್ತೀರಿ. ನಮ್ಮ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಲು 7 ಬಿಲಿಯನ್ ಡಾಲರ್ ಮಿತಿ ಇದೆ. ವಿದೇಶಿ ಇಟಿಎಫ್‌ಗಳಲ್ಲಿ ಹೂಡಲು ಬೇರೆಯಾಗಿ 1 ಬಿಲಿಯನ್. ಮಿತಿ ತುಂಬಿದರೆ ಫಂಡ್ ಕಂಪನಿ ಹೊಸ ಯೂನಿಟ್ ಮಾಡುವಂತಿಲ್ಲ. ಯೂನಿಟ್ ಅಷ್ಟೇ, ಕೊಳ್ಳುವವರು ಜಾಸ್ತಿ. ಹೀಗಾಗಿ 100 ರೂಪಾಯಿಯ ಶೇರು ಇರುವ ಯೂನಿಟ್ಟಿಗೆ ಮಾರುಕಟ್ಟೆಯಲ್ಲಿ 110, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೇಳುತ್ತಾರೆ. ಅಮೆರಿಕದಲ್ಲಿ ಒಂದು ಶೇರೂ ಬೀಳದೆ, ಮಿತಿ ಸಡಿಲವಾದರೆ ಸಾಕು, ಆ ಮೇಲಿನ ಹತ್ತು ರೂಪಾಯಿ ಹೋಯಿತು.

ಆರ್ಡರ್ ಹಾಕುವ ಮುಂಚೆ ಫಂಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಐ-ಎನ್‌ಎವಿ (ಯೂನಿಟ್ಟಿನೊಳಗಿನ ಶೇರುಗಳ ಆ ಹೊತ್ತಿನ ಅಂದಾಜು ಬೆಲೆ) ಅಂತ ಇರುತ್ತದೆ, ಅದನ್ನೂ ಆ್ಯಪ್‌ನಲ್ಲಿ ಕಾಣುವ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಒಂದೆರಡು ಪರ್ಸೆಂಟ್ ದಾಟಿದ್ದರೆ ಆ ದಿನ ಸುಮ್ನೆ ಇರಿ. ಕೊಳ್ಳುವುದೇ ಆದರೆ ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ, ಇದಕ್ಕಿಂತ ಜಾಸ್ತಿ ಕೊಡಲ್ಲ ಅಂತ ಬೆಲೆ ಹೇಳುವ ಲಿಮಿಟ್ ಆರ್ಡರ್ ಹಾಕಿ.